ಸತ್ತ ಮೇಲೆ ಸಿಗುವ ರಸಾಯನಶಾಸ್ತ್ರ

ವಿಷಪ್ರಾಶನದ ಶಂಕೆಯಿರುವ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರು ಎರಡೂ ಮೂತ್ರಪಿಂಡಗಳಿಂದ ಅರ್ಧರ್ಧ ತೆಗೆದು, ಉಪ್ಪುನೀರಿನ ಬಾಟಲಿಗೆ ಹಾಕಿ, ಮೊಹರು ಮಾಡಿ ಕಳಿಸುತ್ತಾರೆ. ಕೊಚ್ಚಿಯ ಸುತ್ತಮುತ್ತಲಿಂದ ಅಂಥ ಬಾಟಲಿಗಳು ಹೋಗುವುದು ಕಾಕ್ಕನಾಡಿನ ಪ್ರಾದೇಶಿಕ ರಾಸಾಯನಿಕ ಪ್ರಯೋಗಾಲಯಕ್ಕೆ. ಆ ತುಂಡಿನಲ್ಲಿ ಯಾವ ಅಣು ಇದೆ ಎಂದು ಹುಡುಕುವುದು ಸರ್ಕಾರದ ಹೊಣೆ. ಅದೇ ಅಂಗದಲ್ಲಿ ಗೆಡ್ಡೆ ಬೆಳೆದು, ಮನುಷ್ಯ ಬದುಕಿದ್ದರೆ? ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಸಂದೇಹ ಬಂದರೆ ಒಂದೆರಡು ಪ್ರೋಟೀನುಗಳನ್ನು ಹುಡುಕುತ್ತೇವೆ. ಅಣುಗಳ ವಿಚಾರಣೆ ಅಲ್ಲಿಗೆ ಮುಗಿಯುತ್ತದೆ.

ಇದು ಸಣ್ಣ ಕೊರತೆಯಲ್ಲ. ಮೂತ್ರಪಿಂಡದ ಕ್ಯಾನ್ಸರ್ ಎಂಬ ಒಂದೇ ಹೆಸರಿನಡಿ ಹಲವು ರೋಗಗಳಿವೆ. ಸುಮಾರು ಮುಕ್ಕಾಲು ಪಾಲು ಕ್ಲಿಯರ್ ಸೆಲ್ ಬಗೆಯವು. ಉಳಿದವುಗಳಲ್ಲಿ ಪ್ಯಾಪಿಲರಿ, ಕ್ರೋಮೋಫೋಬ್ ಮುಖ್ಯ. ಔಷಧ ಬೇಕಾದಾಗ ಬಗೆ ಯಾವುದೆಂಬುದರ ಮೇಲೆ ಆಯ್ಕೆ ನಿಂತಿದೆ. ಇವುಗಳ ನಡುವೆ ಆಂಕೋಸೈಟೋಮಾ ಎಂಬ ನಿರಪಾಯಕಾರಿ ಗೆಡ್ಡೆಯೂ ಇದೆ. ಸಿ.ಟಿ. ಸ್ಕ್ಯಾನಿನಲ್ಲಿ ಅದು ಕ್ಯಾನ್ಸರಿನಂತೆಯೇ ಕಾಣುತ್ತದೆ. ಸೂಜಿಯಲ್ಲಿ ತೆಗೆದ ಎಳೆಯಷ್ಟು ತುಂಡಿನಲ್ಲಿ ಕ್ರೋಮೋಫೋಬ್‌ನಿಂದ ಬೇರ್ಪಡಿಸುವುದು ಅನುಭವಿ ರೋಗಶಾಸ್ತ್ರಜ್ಞರಿಗೂ ಕಷ್ಟ. ಹಾಗಾಗಿ ಕೊಯ್ಯುತ್ತಾರೆ. ಕೊಯ್ದ ಮೇಲೆ 'ಕ್ಯಾನ್ಸರ್ ಅಲ್ಲ' ಎಂಬ ವರದಿ ಬರುತ್ತದೆ. ಅದು ಸಂತೋಷದ ಸುದ್ದಿಯೇ, ಆದರೆ ಹೋದ ಮೂತ್ರಪಿಂಡ ಮರಳುವುದಿಲ್ಲ.

ಇದಕ್ಕೊಂದು ದಾರಿ ತೆರೆದಿದೆ. 2004ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಗ್ರಹಾಂ ಕುಕ್ಸ್ ತಂಡ ಡೆಸಿ ಎಂಬ ವಿಧಾನ ಪ್ರಕಟಿಸಿತು. ಹೆಪ್ಪುಗಟ್ಟಿಸಿದ ಅಂಗಾಂಶದ ತೆಳು ಪದರದ ಮೇಲೆ ವಿದ್ಯುದಾವೇಶವುಳ್ಳ ದ್ರಾವಕವನ್ನು ಸಿಂಪಡಿಸಿದರೆ, ಸಿಡಿದ ಹನಿಗಳು ಅಲ್ಲಿಯ ಕೊಬ್ಬು ಮತ್ತು ಚಯಾಪಚಯದ ಅಣುಗಳನ್ನು ಹೊತ್ತು ಮಾಸ್ ಸ್ಪೆಕ್ಟ್ರೋಮೀಟರ್ ಸೇರುತ್ತವೆ. ಯಂತ್ರ ಅವುಗಳನ್ನು ತೂಗುತ್ತದೆ. ಚುಕ್ಕೆ ಚುಕ್ಕೆಯಾಗಿ ತೂಗಿದರೆ ಅಣುಗಳ ನಕ್ಷೆಯೇ ಸಿದ್ಧ. ಟೆಕ್ಸಾಸ್‌ನ ಲಿವಿಯಾ ಎಬರ್ಲಿನ್ ತಂಡ 2020ರಲ್ಲಿ ಇಂಥ ನಕ್ಷೆಗಳಿಂದಲೇ ಆಂಕೋಸೈಟೋಮಾವನ್ನು ಕ್ಯಾನ್ಸರ್ ಬಗೆಗಳಿಂದ ಬೇರ್ಪಡಿಸಿ ತೋರಿಸಿತು. ಓದಿದ ನಂತರ ಅದೇ ಪದರಕ್ಕೆ ಬಣ್ಣ ಹಚ್ಚಿ ರೋಗಶಾಸ್ತ್ರಜ್ಞರಿಗೆ ಕೊಡಬಹುದು. ಅವರ ಕೆಲಸವನ್ನು ಇದು ಕಸಿಯುವುದಿಲ್ಲ.

'ಕೋಟಿಗಟ್ಟಲೆ ಬೆಲೆಯ ಯಂತ್ರ ನಮಗೆಲ್ಲಿ?' ಎಂಬ ಮಾತು ಕೂಡಲೇ ಬರುತ್ತದೆ. ತಿರುವನಂತಪುರದಲ್ಲಿ 1981ರಲ್ಲಿ ಆರಂಭವಾದ ರೀಜನಲ್ ಕ್ಯಾನ್ಸರ್ ಸೆಂಟರ್ ಇದೆ. ಅದೇ ನಗರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಭಾಗವಿದೆ. ಬೆಂಗಳೂರಿನಲ್ಲಿ ಕಿದ್ವಾಯಿಯೂ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯೂ ಇದೆ. ಪ್ರತಿ ಆಸ್ಪತ್ರೆಗೂ ಯಂತ್ರ ಕೊಡಿ ಎಂದು ಯಾರೂ ಕೇಳುತ್ತಿಲ್ಲ.

ಕೇಳಬೇಕಾದದ್ದು ಇನ್ನೂ ಅಗ್ಗದ್ದು. ಕೊಯ್ದ ಗೆಡ್ಡೆಯನ್ನು ಫಾರ್ಮಲಿನ್‌ನಲ್ಲಿಟ್ಟು, ಆಲ್ಕೋಹಾಲ್, ಕ್ಸೈಲೀನ್ ದಾಟಿಸಿ ಮೇಣದಲ್ಲಿ ಅಚ್ಚು ಹಾಕುವಾಗ ಅದರ ಬಹುಪಾಲು ಕೊಬ್ಬಿನ ಅಣುಗಳು ತೊಳೆದುಹೋಗುತ್ತವೆ. ಡೆಸಿ ಓದುವ ಅಕ್ಷರಗಳೇ ಅವು. ಅಂದರೆ ಯಂತ್ರ ಬರುವ ಮೊದಲೇ ಪುಸ್ತಕವನ್ನು ದಿನವೂ ನೀರಿಗೆ ಅದ್ದುತ್ತಿದ್ದೇವೆ. ರೋಗಿಯ ಒಪ್ಪಿಗೆ ಪಡೆದು, ರೋಗನಿರ್ಣಯಕ್ಕೆ ಬೇಕಾದಷ್ಟು ತೆಗೆದ ಮೇಲೆ ಉಳಿದದ್ದರಲ್ಲಿ ಕಡಲೆಕಾಳಿನಷ್ಟನ್ನು ಮೈನಸ್ 80 ಡಿಗ್ರಿಯಲ್ಲಿ ಇಡಲು ಬೇಕಾದದ್ದು ಫ್ರೀಜರ್, ನಿಲ್ಲದ ಕರೆಂಟು ಮತ್ತು ಅಚ್ಚುಕಟ್ಟಾದ ದಾಖಲೆ.

'ಅಮೆರಿಕನ್ನರ ತುಂಡುಗಳಿಂದ ಕಲಿತ ಗಣಕ ನಮ್ಮವರ ಬಗ್ಗೆ ತಪ್ಪು ಹೇಳಿದರೆ?' ಎಂಬ ಇನ್ನೊಂದು ಆಕ್ಷೇಪ ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರ ಕೈಕಟ್ಟಿ ಕೂರುವುದಲ್ಲ, ನಮ್ಮವರ ತುಂಡುಗಳನ್ನು ಉಳಿಸುವುದು. ನಂತರ ಪರೀಕ್ಷೆಯೂ ಕಠಿಣವಾಗಿರಲಿ: ಇಡೀ ಗೆಡ್ಡೆಯ ಮೇಲಲ್ಲ, ಶಸ್ತ್ರಚಿಕಿತ್ಸೆಗೆ ಮುಂಚಿನ ಸೂಜಿ ತುಂಡಿನ ಮೇಲೆ, ಅಂತಿಮ ವರದಿ ತಿಳಿಯದೆ. ಅಲ್ಲಿ ಸೋತರೆ ಯಂತ್ರವನ್ನು ಬದಿಗಿಡೋಣ.

ಕಾಸರಗೋಡಿನ ಕನ್ನಡಿಗ ರೋಗಿ ತಿರುವನಂತಪುರಕ್ಕೆ 500 ಕಿಲೋಮೀಟರಿಗೂ ಹೆಚ್ಚು ಪ್ರಯಾಣಿಸುತ್ತಾನೆ, ಇಲ್ಲವೇ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾನೆ. ಅಷ್ಟು ದೂರ ಬಂದವನಿಗೆ ಕೊಯ್ಯುವ ಮೊದಲು ಉತ್ತರ ಸಿಗಬೇಕು. ಶವದ ಮೂತ್ರಪಿಂಡವನ್ನು ಬಾಟಲಿಯಲ್ಲಿಟ್ಟು ಮೊಹರು ಹಾಕಿ ಕಾಯುವ ಶಿಸ್ತು ಸರ್ಕಾರಕ್ಕೆ ಗೊತ್ತಿದೆ. ಆ ಶಿಸ್ತಿನಲ್ಲಿ ಅರ್ಧದಷ್ಟಾದರೂ ಬದುಕಿರುವವನ ಪಾಲಿಗೆ ಬರಲಿ.