ಸವಾರನ ಕಿವಿಗೆ ಯಾವ ದಾರಿ?

ಮೋಟಾರ್‌ಸೈಕಲ್ಲಿಗೆ ಹೊರಗಿನಿಂದ ಕೊಂಡು ಹಾಕಿಸಿದ ಸ್ಟೀರಿಯೊ, ಜೇಬಿನಲ್ಲಿರುವ ಫೋನು, ಹೆಲ್ಮೆಟ್ಟಿನೊಳಗಿನ ಹೆಡ್‌ಸೆಟ್ ಈ ಮೂರರಲ್ಲೂ ಬ್ಲೂಟೂತ್ ಇರುತ್ತದೆ. ಆದರೂ ಫೋನಿನ ಹಾಡು ಸ್ಟೀರಿಯೊಗೆ ಹೋಗಿ, ಅಲ್ಲಿಂದ ಹೆಡ್‌ಸೆಟ್ಟಿಗೆ ಬರಲಿ ಎಂದರೆ ಬರುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಯಾವ ಉಪಕರಣವೂ ಕೆಟ್ಟಿರುವುದಿಲ್ಲ. ಬ್ಲೂಟೂತ್‌ನಲ್ಲಿ ಸಂಗೀತ ಸಾಗಿಸುವ ಎ2ಡಿಪಿ ಎಂಬ ವ್ಯವಸ್ಥೆ ಏಕಮುಖವಾದದ್ದು. ಒಂದು ತುದಿಯಲ್ಲಿ ಕಳಿಸುವ ಉಪಕರಣ, ಇನ್ನೊಂದು ತುದಿಯಲ್ಲಿ ಪಡೆಯುವ ಉಪಕರಣ ಇರಲೇಬೇಕು. ಫೋನು ಕಳಿಸುತ್ತದೆ. ಸ್ಟೀರಿಯೊ, ಹೆಡ್‌ಸೆಟ್ ಎರಡೂ ಸಾಮಾನ್ಯವಾಗಿ ಪಡೆಯುವುದಕ್ಕಷ್ಟೇ ತಯಾರಾದವು. ಅವೆರಡನ್ನೂ ಒಂದಕ್ಕೊಂದು ಎಷ್ಟು ಸಲ ಪೇರ್ ಮಾಡಹೊರಟರೂ ಪ್ರಯೋಜನವಿಲ್ಲ.

ಹೋಂಡಾ ಗೋಲ್ಡ್ ವಿಂಗ್‌ನಂಥ ದೊಡ್ಡ ಟೂರಿಂಗ್ ಬೈಕುಗಳಲ್ಲಿ ಬೈಕೇ ಕೇಂದ್ರ: ಫೋನೂ ಹೆಡ್‌ಸೆಟ್ಟೂ ಅದಕ್ಕೇ ಸೇರಿಕೊಳ್ಳುತ್ತವೆ. ಹಾರ್ಲೆ-ಡೇವಿಡ್‌ಸನ್‌ನ ಹಲವು ಮಾದರಿಗಳಲ್ಲಿ ವೈರ್‌ಲೆಸ್ ಹೆಡ್‌ಸೆಟ್ಟಿಗೆ ಬೇರೆಯೇ ಒಂದು ಮಾಡ್ಯೂಲ್ ಹಾಕಿಸಬೇಕು. ಇವನ್ನು ಕಂಡವರು ತಮ್ಮ ಸ್ಟೀರಿಯೊದಿಂದಲೂ ಅದೇ ಕೆಲಸ ನಿರೀಕ್ಷಿಸುವುದು ಸಹಜವೇ. ಸ್ಟೀರಿಯೊದ ಆಡಿಯೊ ಔಟ್‌ಗೆ ಪುಟ್ಟ ಬ್ಲೂಟೂತ್ ಟ್ರಾನ್ಸ್‌ಮಿಟರ್ ಸಿಕ್ಕಿಸಿದರೆ ಹಾಡೇನೋ ಕಿವಿಗೆ ಬರುತ್ತದೆ. ಆದರೆ ಹೆಲ್ಮೆಟ್ಟಿನ ಮೈಕಿನ ದನಿ ಆ ದಾರಿಯಲ್ಲಿ ಹಿಂದಕ್ಕೆ ಹೋಗದು. ಕರೆ ಬಂದರೆ ಮಾತಾಡಲಾಗುವುದಿಲ್ಲ.

ಆದ್ದರಿಂದ ಫೋನನ್ನೇ ಕೇಂದ್ರವಾಗಿಟ್ಟು ಸ್ಟೀರಿಯೊ, ಹೆಡ್‌ಸೆಟ್ ಎರಡನ್ನೂ ಅದಕ್ಕೆ ಬೇರೆ ಬೇರೆಯಾಗಿ ಪೇರ್ ಮಾಡುವುದು ಸರಿ. ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಪ್ರತಿ ಉಪಕರಣದ ಹೆಸರಿನ ಕೆಳಗೆ ಕರೆಗೆ ಒಂದು, ಮೀಡಿಯಾಕ್ಕೆ ಒಂದು ಸ್ವಿಚ್ ಇರುತ್ತದೆ. ಕರೆ ಹೆಡ್‌ಸೆಟ್ಟಿಗೆ, ಹಾಡು ಸ್ಟೀರಿಯೊಗೆ ಎಂದು ಹಂಚಿಬಿಡಬಹುದು. ಈ ಹಂಚಿಕೆ ಮೇಲ್ನೋಟಕ್ಕೆ ಅಚ್ಚುಕಟ್ಟಾಗಿದೆ, ಆದರೆ ಓಡುವ ಬೈಕಿಗೆ ಒಗ್ಗುವುದಿಲ್ಲ. ಮುಂದೆ ಎಡಕ್ಕೆ ತಿರುಗಿ ಎನ್ನುವ ನಕ್ಷೆಯ ದನಿ ಸಾಮಾನ್ಯವಾಗಿ ಹೋಗುವುದು ಮೀಡಿಯಾದ ಜೊತೆಗೇ. ಸವಾರನಿಗೆ ಅತ್ಯಗತ್ಯವಾದ ಮಾತು ಸ್ಟೀರಿಯೊದ ಸ್ಪೀಕರಿಗೆ ಹೋಗಿ ಗಾಳಿಯ ಪಾಲಾಗುತ್ತದೆ.

ಗಾಳಿಯ ಸದ್ದನ್ನು ಹಗುರವಾಗಿ ಎಣಿಸಬಾರದು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯಾದ ನಿಯೋಶ್‌ನ ಶಿಫಾರಸಿನಂತೆ ದಿನಕ್ಕೆ 8 ಗಂಟೆ ಕೇಳಬಹುದಾದ ಮಿತಿ 85 ಡೆಸಿಬೆಲ್. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ 94 ಡೆಸಿಬೆಲ್ಲಿನಲ್ಲಿ ಉಳಿಯುವುದು ಒಂದೇ ಗಂಟೆ. ಗಾಳಿಯ ಸದ್ದನ್ನು ಮೀರಿಸಲು ಸ್ಟೀರಿಯೊದ ಸ್ಪೀಕರಿನ ದನಿ ಏರಿಸುವುದೆಂದರೆ ಕಿವಿಯ ಮೇಲೆ ಇನ್ನಷ್ಟು ಹೊರೆ ಹೇರಿದಂತೆ. ದಾರಿಯ ಅಕ್ಕಪಕ್ಕದವರಿಗೂ ಅದು ಕಿರಿಕಿರಿಯೇ.

ಕಿವಿಯ ಬಳಿಯೇ ಇರುವ ಹೆಲ್ಮೆಟ್ ಸ್ಪೀಕರಿಗೆ ಅಷ್ಟು ಅಬ್ಬರ ಬೇಕಿಲ್ಲ. ಆದರೆ ಕಾನೂನು ಎಲ್ಲೆಡೆ ಒಂದೇ ತೆರನಾಗಿಲ್ಲ. ಫ್ರಾನ್ಸ್ 2015ರ ಜುಲೈನಿಂದ ಕಿವಿಗೆ ಸಿಕ್ಕಿಸುವ ಇಯರ್‌ಫೋನನ್ನು ಸವಾರರಿಗೆ ನಿಷೇಧಿಸಿದೆ, ಹೆಲ್ಮೆಟ್ಟಿನಲ್ಲೇ ಅಳವಡಿಸಿದ ಸ್ಪೀಕರನ್ನು ಬಿಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ವಾಹನ ಓಡಿಸುವುದು ತಪ್ಪು. ಆಯಾ ಊರಿನ ನಿಯಮ ಒಪ್ಪುವಲ್ಲೆಲ್ಲ ಕರೆ, ನಕ್ಷೆ, ಹಾಡು ಮೂರನ್ನೂ ಫೋನಿನಿಂದ ನೇರವಾಗಿ ಹೆಲ್ಮೆಟ್ಟಿಗೇ ಕೊಡುವುದು ಮೇಲು. ಸ್ಟೀರಿಯೊ ಬೈಕು ನಿಂತಾಗ, ಇಲ್ಲವೇ ನಿಧಾನವಾಗಿ ಸಾಗುವಾಗ ಇರಲಿ. ಇಗ್ನಿಷನ್ ಹಾಕಿದೊಡನೆ ಅದು ತಾನಾಗಿಯೇ ಫೋನಿಗೆ ಸೇರಿಕೊಂಡು ಮೀಡಿಯಾವನ್ನು ಎಳೆದುಕೊಳ್ಳುವುದುಂಟು. ಹೊರಡುವ ಮುನ್ನ, ಬೈಕು ನಿಂತಿರುವಾಗಲೇ, ಫೋನಿನಲ್ಲಿ ಸ್ಟೀರಿಯೊದ ಹೆಸರಿನ ಕೆಳಗಿನ ಆ ಒಂದು ಮೀಡಿಯಾ ಸ್ವಿಚ್ಚನ್ನು ಆರಿಸಿಡಬೇಕು.