ತಾಮ್ರದ ತಂಬಿಗೆಯ ಲೆಕ್ಕ

ಪರಮಾಣುರಾಶಿಗಳ ಪಟ್ಟಿಯನ್ನು ಕಂಠಪಾಠ ಮಾಡುವುದೇ ರಸಾಯನಶಾಸ್ತ್ರದ ಅಭ್ಯಾಸವೆಂದು ಬಗೆಯುವುದು ಸರಿಯಲ್ಲ. ಅಂಕಿಯ ಹಿಂದಿನ ಅರ್ಥವನ್ನು ಅರಿಯುವುದೇ ನಿಜವಾದ ಅಭ್ಯಾಸ.

ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಹಬ್ಬಿರುವ ಕಪ್ಪತಗುಡ್ಡವು ಚಿನ್ನದ ಅದಿರಿಗೆ ಹೆಸರಾದುದು. ನಿಸರ್ಗದಲ್ಲಿ ದೊರೆಯುವ ಚಿನ್ನದ ಪರಮಾಣುಗಳೆಲ್ಲವೂ ಒಂದೇ ಬಗೆಯವು. ಅವುಗಳ ರಾಶಿ 196.97. ಇಂಗಾಲ-12ರ ಪರಮಾಣುವಿನ ಹನ್ನೆರಡನೆಯ ಒಂದು ಭಾಗವೇ ಈ ಲೆಕ್ಕದ ಅಳತೆಗೋಲು.

ಮನೆಯ ತಾಮ್ರದ ತಂಬಿಗೆಯ ಸಂಗತಿ ಬೇರೆ. ತಾಮ್ರದಲ್ಲಿ ಎರಡು ಸಮಸ್ಥಾನಿಗಳಿವೆ. ನೂರು ಪರಮಾಣುಗಳಲ್ಲಿ ಸುಮಾರು 69ರ ರಾಶಿ ತಲಾ 62.93, ಉಳಿದ 31ರದು ತಲಾ 64.93. ಇವೆರಡನ್ನು ಕೂಡಿಸಿ ಅರ್ಧ ಮಾಡಿದರೆ 63.93 ಬರುತ್ತದೆ, ಅದು ತಪ್ಪು ಉತ್ತರ. ಗದಗದ ಪೇಟೆಯಲ್ಲಿ 69 ಚೀಲ ಶೇಂಗಾವನ್ನು ಒಂದು ದರಕ್ಕೂ 31 ಚೀಲಗಳನ್ನು ಇನ್ನೊಂದು ದರಕ್ಕೂ ಮಾರಿದ ಲಕ್ಷ್ಮೇಶ್ವರದ ರೈತನು ಸರಾಸರಿ ದರವನ್ನು ಹಾಗೆ ಎಣಿಸುವನೇ? ಅವನು ಚೀಲಗಳ ಸಂಖ್ಯೆಯನ್ನೂ ಗಣಿಸುತ್ತಾನೆ. ಅಂತೆಯೇ 62.93ನ್ನು 69ರಿಂದಲೂ 64.93ನ್ನು 31ರಿಂದಲೂ ಗುಣಿಸಿ, ಕೂಡಿಸಿ, ನೂರರಿಂದ ಭಾಗಿಸಿದರೆ 63.55 ದೊರೆಯುತ್ತದೆ.

ತಾಮ್ರದ ಯಾವ ಒಂದು ಪರಮಾಣುವಿನ ರಾಶಿಯೂ 63.55 ಅಲ್ಲ. ಇದನ್ನು ಅರಿಯದೆ ಬಾಯಿಪಾಠ ಮಾಡಿದವನಿಗೆ ಅಂಕಿ ಬಂದೀತು, ತಾಮ್ರ ತಿಳಿಯದು.