ನೆಲೆಯ ಆಯ್ಕೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆ ಗಾದೆ ಹುಟ್ಟಿದ ಕಾಲದಲ್ಲಿ ಮನೆಯನ್ನು ಕಟ್ಟುವುದು ಕಷ್ಟವಾಗಿತ್ತೇ ಹೊರತು, ಎಲ್ಲಿ ಕಟ್ಟಬೇಕೆಂಬುದು ಅಷ್ಟಾಗಿ ಪ್ರಶ್ನೆಯಾಗಿರಲಿಲ್ಲ. ಹುಟ್ಟಿದ ಊರು, ಹಿರಿಯರ ಹಿತ್ತಿಲು, ಬಂಧುಗಳ ಕೇರಿ ಇವೇ ಅದನ್ನು ನಿಶ್ಚಯಿಸಿಬಿಡುತ್ತಿದ್ದವು. ಇಂದು ಉದ್ಯೋಗವನ್ನರಸಿ ದೊಡ್ಡ ನಗರಕ್ಕೆ ಬರುವ ಕುಟುಂಬದ ಪಾಡು ಬೇರೆ. ಅದು ಕಟ್ಟಿದ ಮನೆಯನ್ನು ಕೊಳ್ಳಬಹುದು, ಬಾಡಿಗೆಗೂ ಪಡೆಯಬಹುದು. ಆದರೆ ನೂರಾರು ಬಡಾವಣೆಗಳಲ್ಲಿ ಯಾವುದನ್ನು ತನ್ನದೆಂದು ಆರಿಸಿಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕದೆ ವಿಧಿಯಿಲ್ಲ. ಈ ಆಯ್ಕೆ ಹಿರಿಯರದು. ಅದರ ಫಲವನ್ನು ದಿನದಿನವೂ ಉಣ್ಣುವವರು ಮಕ್ಕಳು.

ಬೆಂಗಳೂರಿನ ಚರಿತ್ರೆಯಲ್ಲಿ ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದ್ದು ನಿಂತದ್ದು 1898ರಲ್ಲಿ. ಆ ವರ್ಷ ನಗರಕ್ಕೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿ ಬೆಳಕು ಕಾಣದ ಮನೆಗಳಲ್ಲಿ ರೋಗವು ಸುಲಭವಾಗಿ ಹಬ್ಬಿತು. ಬಸವನಗುಡಿ ಮತ್ತು ಮಲ್ಲೇಶ್ವರಗಳ ಯೋಜನೆ ಅದಕ್ಕೆ ಕೆಲವು ವರ್ಷ ಮೊದಲೇ ಆರಂಭವಾಗಿದ್ದರೂ, ಜನ ಅವುಗಳತ್ತ ಮನಸ್ಸು ಮಾಡಿದ್ದು ಪ್ಲೇಗಿನ ತರುವಾಯ. ಅಗಲವಾದ ಬೀದಿಗಳು, ಮನೆಯ ಸುತ್ತ ಬಿಟ್ಟ ಬಯಲು, ಹಿಂಬದಿಯಲ್ಲಿ ಕಸ ಸಾಗಿಸುವುದಕ್ಕೆಂದೇ ಇರಿಸಿದ ಓಣಿ ಇವೆಲ್ಲವೂ ಆರೋಗ್ಯದ ದೃಷ್ಟಿಯಿಂದ ಯೋಜಿತವಾದವು. ಅದೇ 1898ರಲ್ಲಿ ಇಂಗ್ಲೆಂಡಿನ ಎಬೆನೀಜರ್ ಹೋವರ್ಡ್ ಎಂಬಾತನು ಉದ್ಯಾನನಗರದ ಕಲ್ಪನೆಯನ್ನು ಪ್ರತಿಪಾದಿಸುವ ತನ್ನ ಗ್ರಂಥವನ್ನು ಪ್ರಕಟಿಸಿದನು. ನಗರದ ಅನುಕೂಲವೂ ಹಳ್ಳಿಯ ನಿರ್ಮಲತೆಯೂ ಒಂದೆಡೆ ಸೇರಬೇಕೆಂಬುದು ಆತನ ಹಂಬಲ. ಒಂದು ಊರು ಸಾವಿಗೆ ಹೆದರಿ ಹೊರಕ್ಕೆ ಹೊರಟ ವರ್ಷದಲ್ಲಿಯೇ ಮತ್ತೊಂದು ದೇಶದಲ್ಲಿ ಇಂತಹ ಗ್ರಂಥ ಹೊರಬಂದದ್ದು ಕಾಕತಾಳೀಯವೇ ಸರಿ. ಆದರೂ ಎರಡರ ಹಿಂದೆ ಇದ್ದ ಅಳಲು ಒಂದೇ.

ಇಂದಿನ ಕುಟುಂಬವು ಬಡಾವಣೆಯನ್ನು ಹುಡುಕುವಾಗ ಮೊದಲು ಕೇಳುವ ಪ್ರಶ್ನೆ ಬೆಲೆಯದು. ಅದು ಸಹಜ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಎರಡನೆಯ ಪ್ರಶ್ನೆ ಶಾಲೆಯದು. ಗಾಳಿ, ನೀರು, ವಾಹನಸಂದಣಿ ಇವುಗಳ ಮಾತು ಬರುವುದು ಮುಂಗಡ ಕೊಟ್ಟ ಮೇಲೆ. ಈ ಅನುಕ್ರಮವನ್ನು ಸ್ವಲ್ಪ ಬದಲಾಯಿಸಿಕೊಂಡರೆ ಒಳಿತೆಂದು ತೋರುತ್ತದೆ.

ಶಾಲೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳಬಹುದು. ತಂದೆತಾಯಿಗಳು ಶಾಲೆಯ ಹೆಸರನ್ನು ವಿಚಾರಿಸುತ್ತಾರೆ, ಫಲಿತಾಂಶವನ್ನು ವಿಚಾರಿಸುತ್ತಾರೆ, ಕಟ್ಟಡವನ್ನು ನೋಡಿ ತಲೆದೂಗುತ್ತಾರೆ. ದೂರವನ್ನು ಮಾತ್ರ, ವ್ಯಾನು ಬರುತ್ತದಲ್ಲ ಎಂದು ತಳ್ಳಿಹಾಕುತ್ತಾರೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಲೇಸು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 220 ದಿನಗಳ ಕೆಲಸವನ್ನೂ 1000 ಗಂಟೆಗಳ ಬೋಧನೆಯನ್ನೂ ವಿಧಿಸಿದೆ. ಶಾಲೆಗೆ ಹೋಗಲು ಒಂದು ಗಂಟೆ, ಹಿಂದಿರುಗಲು ಒಂದು ಗಂಟೆ ಹಿಡಿಯುವ ವಿದ್ಯಾರ್ಥಿಯು 220 ದಿನಗಳಲ್ಲಿ 440 ಗಂಟೆಗಳನ್ನು ದಾರಿಯಲ್ಲಿ ಕಳೆಯುತ್ತಾನೆ. ಅಂದರೆ ಪಾಠ ಕೇಳುವ ಕಾಲದ ಅರ್ಧಕ್ಕೆ ಸ್ವಲ್ಪವೇ ಕಡಿಮೆ. ಹದಿನೈದು ನಿಮಿಷ ನಡೆದು ಶಾಲೆ ಸೇರುವವನಿಗೆ ಇದೇ ಲೆಕ್ಕ 110 ಗಂಟೆಗಳಿಗೆ ನಿಲ್ಲುತ್ತದೆ. ಉಳಿದ 330 ಗಂಟೆಗಳಲ್ಲಿ ಎಷ್ಟು ಪುಸ್ತಕಗಳನ್ನು ಓದಬಹುದು, ಎಷ್ಟು ಸಂಜೆ ಕಬಡ್ಡಿ ಆಡಬಹುದು, ಏನೂ ಮಾಡದೆ ಜಗಲಿಯ ಮೇಲೆ ಎಷ್ಟು ಹೊತ್ತು ಕುಳಿತಿರಬಹುದು! ಏನೂ ಮಾಡದೆ ಕುಳಿತುಕೊಳ್ಳುವುದೂ ಬಾಲ್ಯದ ಹಕ್ಕುಗಳಲ್ಲಿ ಒಂದು. ಯಾವ ಕಾಯಿದೆಯೂ ಅದನ್ನು ಬರೆದಿಟ್ಟಿಲ್ಲ, ಅಷ್ಟೆ.

ಶಾಲೆಯು ಮನೆಯ ಹತ್ತಿರವಿರಬೇಕೆಂಬುದು ಹೊಸ ವಿಚಾರವೇನೂ ಅಲ್ಲ. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯಲ್ಲಿ 1964ರಿಂದ 1966ರವರೆಗೆ ಕೆಲಸ ಮಾಡಿದ ಶಿಕ್ಷಣ ಆಯೋಗವು ನೆರೆಹೊರೆಯ ಶಾಲೆ ಎಂಬ ತತ್ತ್ವವನ್ನು ದೇಶದ ಮುಂದಿಟ್ಟಿತು. ಒಂದು ಪ್ರದೇಶದ ಎಲ್ಲ ಮಕ್ಕಳೂ, ಸಿರಿವಂತರ ಮಕ್ಕಳೂ ಕೂಲಿಕಾರರ ಮಕ್ಕಳೂ, ಒಂದೇ ಶಾಲೆಯ ಒಂದೇ ಬೆಂಚಿನ ಮೇಲೆ ಕುಳಿತು ಕಲಿಯಬೇಕೆಂಬುದು ಅದರ ಆಶಯ. ಅದಕ್ಕೂ ಬಹಳ ಮುಂಚೆ, 1929ರಲ್ಲಿ, ಅಮೆರಿಕದ ಕ್ಲಾರೆನ್ಸ್ ಪೆರ್ರಿ ಎಂಬ ಯೋಜಕನು ಆದರ್ಶ ಬಡಾವಣೆಯ ನಕ್ಷೆಯೊಂದನ್ನು ರೂಪಿಸಿದ್ದನು. ಸುಮಾರು 160 ಎಕರೆಯ ಆ ಬಡಾವಣೆಯ ನಡುವೆ ಶಾಲೆ. ದೊಡ್ಡ ರಸ್ತೆಗಳೆಲ್ಲ ಹೊರಅಂಚಿನಲ್ಲಿ. ಯಾವ ಮಗುವೂ ಶಾಲೆಗಾಗಿ ಅರ್ಧ ಮೈಲಿಗಿಂತ ಹೆಚ್ಚು ನಡೆಯಬಾರದು, ವಾಹನಗಳು ಧಾವಿಸುವ ಹೆದ್ದಾರಿಯನ್ನು ದಾಟಬಾರದು ಎಂಬುದು ಅದರ ನಿಯಮ. ಶಾಲೆ, ಗಾಳಿ, ಸಂಚಾರ ಎಂದು ಮೂರಾಗಿ ಕಾಣುವ ಪ್ರಶ್ನೆಗಳು ನಿಜವಾಗಿ ಒಂದೇ ಪ್ರಶ್ನೆಯ ಮೂರು ಮುಖಗಳೆಂಬುದನ್ನು ಪೆರ್ರಿ ಕಂಡುಕೊಂಡಿದ್ದನು. ಆತನ ನಕ್ಷೆ ಹೆಚ್ಚಿನ ನಗರಗಳಲ್ಲಿ ಕಾಗದದ ಮೇಲೆಯೇ ಉಳಿಯಿತು.

ಹತ್ತಿರದ ಶಾಲೆ ನಿಜವಾಗಿಯೂ ಕೆಟ್ಟದ್ದಾಗಿದ್ದರೆ ಏನು ಮಾಡಬೇಕೆಂಬ ಆಕ್ಷೇಪ ನ್ಯಾಯವಾದದ್ದೇ. ಪಾಠವೇ ನಡೆಯದ ಶಾಲೆ ಎದುರು ಮನೆಯಲ್ಲಿದ್ದರೂ ಪ್ರಯೋಜನವಿಲ್ಲ. ಆದರೆ ಕೆಟ್ಟದ್ದೆಂದು ನಿರ್ಣಯಿಸುವ ಮೊದಲು ಒಳಗೆ ಹೋಗಿ ನೋಡುವವರು ಎಷ್ಟು ಮಂದಿ? ಗ್ರಂಥಾಲಯದ ಬೀರುವಿಗೆ ಬೀಗ ಹಾಕಿದೆಯೋ ಇಲ್ಲವೋ, ವಿಜ್ಞಾನದ ಉಪಕರಣಗಳ ಮೇಲೆ ಧೂಳು ಕುಳಿತಿದೆಯೋ ಮಕ್ಕಳ ಬೆರಳಿನ ಗುರುತುಗಳಿವೆಯೋ, ಉಪಾಧ್ಯಾಯರು ಹುಡುಗರನ್ನು ಹೆಸರು ಹಿಡಿದು ಕರೆಯುತ್ತಾರೋ ಇಲ್ಲವೋ ಎಂಬುದನ್ನು ನೋಡಿದರೆ ಅರ್ಧ ಗಂಟೆಯಲ್ಲಿ ಶಾಲೆಯ ಗುಣ ತಿಳಿಯುತ್ತದೆ. ಹೆಬ್ಬಾಗಿಲ ಮೇಲಿನ ಬಣ್ಣದ ಫಲಕದಿಂದ ತಿಳಿಯುವುದು ಬಣ್ಣದ ಬೆಲೆ ಮಾತ್ರ. ಪ್ರೌಢಶಾಲೆಯ ಮಕ್ಕಳು ಸ್ವಲ್ಪ ದೂರ ಹೋಗಿಬರುವುದರಲ್ಲಿ ತಪ್ಪಿಲ್ಲ. ಆರು ವರ್ಷದ ಕೂಸನ್ನು ನಿದ್ದೆಗಣ್ಣಿನಲ್ಲಿ ವ್ಯಾನಿಗೆ ಏರಿಸುವುದು ಮಾತ್ರ ಯಾವ ವಿದ್ಯೆಗೂ ತಕ್ಕ ಬೆಲೆಯಲ್ಲ.

ಇನ್ನು ಗಾಳಿಯ ವಿಚಾರ. ಪ್ಲೇಗಿನಂತೆ ಇದು ನಾಲ್ಕು ದಿನಗಳಲ್ಲಿ ಕೊಲ್ಲುವುದಿಲ್ಲವಾದ್ದರಿಂದ ಜನ ಇದಕ್ಕೆ ಹೆದರುವುದಿಲ್ಲ. ಗಾಳಿಯಲ್ಲಿ ತೇಲುವ ಕಣಗಳಲ್ಲಿ 2.5 ಮೈಕ್ರೋಮೀಟರಿಗಿಂತ ಸಣ್ಣವು ಅತ್ಯಂತ ಅಪಾಯಕಾರಿ. ಅವು ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟಿರುತ್ತವೆ. ಮೂಗು ಗಂಟಲುಗಳು ಇವನ್ನು ತಡೆಯಲಾರವು. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನ ಮೀಟರು ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಮನ್ನು ಮೀರಬಾರದೆಂದು ಭಾರತವು 2009ರಲ್ಲಿ ಗೊತ್ತುಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಈ ಎರಡು ಅಂಕೆಗಳ ನಡುವೆ ಇರುವ ಅಂತರದಲ್ಲಿಯೇ ಭಾರತದ ನಗರವಾಸಿಗಳು ಉಸಿರಾಡುತ್ತಿದ್ದಾರೆ. ಉತ್ತರದ ಅನೇಕ ನಗರಗಳಲ್ಲಿ ಆ ಅಂತರವನ್ನೂ ದಾಟಿ ಉಸಿರಾಡುತ್ತಿದ್ದಾರೆ. ಮಕ್ಕಳು ದೊಡ್ಡವರಿಗಿಂತ ಹೆಚ್ಚು ಸಲ ಉಸಿರೆಳೆಯುತ್ತಾರೆ. ದೇಹದ ತೂಕಕ್ಕೆ ಹೋಲಿಸಿದರೆ ಅವರು ಒಳಕ್ಕೆಳೆದುಕೊಳ್ಳುವ ಗಾಳಿಯೂ ಹೆಚ್ಚು. ಅವರ ಶ್ವಾಸಕೋಶಗಳು ಇನ್ನೂ ಬೆಳೆಯುತ್ತಿರುತ್ತವೆ. ಡೀಸೆಲ್ ಹೊಗೆಯು ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಖಚಿತಪಡಿಸಿತು.

ಆದರೆ ಇಡೀ ನಗರದ ಗಾಳಿ ಒಂದೇ ಸಮನಾಗಿರುವುದಿಲ್ಲ. ದೊಡ್ಡ ರಸ್ತೆಯ ಮಗ್ಗುಲಲ್ಲಿ ಹೊಗೆ ದಟ್ಟವಾಗಿರುತ್ತದೆ. ರಸ್ತೆಯಿಂದ ಮುನ್ನೂರು, ಐನೂರು ಮೀಟರು ಸರಿದರೆ ಅದರ ಪ್ರಭಾವ ಬಹಳಷ್ಟು ಇಳಿಯುತ್ತದೆ. ಹೆದ್ದಾರಿಗೆ ಹೊಂದಿಕೊಂಡ ಮನೆ ಎಂದು ದಲ್ಲಾಳಿಗಳು ಹೊಗಳುವುದು ಆರೋಗ್ಯದ ಮಟ್ಟಿಗೆ ದೂಷಣೆಯೇ ಆಗುತ್ತದೆ. ಕೆರೆಯ ನೋಟವಿರುವ ಮನೆ ಎಂಬ ಹೊಗಳಿಕೆಯನ್ನೂ ಪರೀಕ್ಷಿಸಬೇಕು. ಬೆಂಗಳೂರಿನ ಅತಿ ದೊಡ್ಡ ಕೆರೆಯಾದ ಬೆಳ್ಳಂದೂರು ಕೆರೆಗೆ ಸಂಸ್ಕರಿಸದ ಚರಂಡಿಯ ನೀರು ವರ್ಷಗಟ್ಟಲೆ ಹರಿದುಬಂದು, ಮಾರ್ಜಕಗಳ ನೊರೆ ಆಳೆತ್ತರ ಎದ್ದು ಬೀದಿಗೆ ಹಾರತೊಡಗಿತು. 2015, 2017 ಮತ್ತು 2018ರಲ್ಲಿ ಆ ಕೆರೆಗೆ ಬೆಂಕಿಯೂ ಬಿದ್ದಿತು. ನೀರಿಗೆ ಬೆಂಕಿ ಬೀಳುವುದೆಂದರೆ ಅಜ್ಜಿಯ ಕತೆಯಲ್ಲಿಯೂ ಇಲ್ಲದ ವಿಸ್ಮಯ. ಕೆರೆಯ ಸೊಬಗಿಗಾಗಿ ಅಲ್ಲಿ ಮನೆ ಮಾಡಿದವರು ಕಿಟಕಿ ಮುಚ್ಚಿಕೊಂಡು ಬದುಕುವಂತಾಯಿತು.

ಸಂಚಾರದ ತೊಂದರೆಯನ್ನು ಬೆಂಗಳೂರಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಜಗತ್ತಿನ 416 ನಗರಗಳ 2019ರ ಸಂಚಾರವನ್ನು ಅಳೆದ ಟಾಮ್‌ಟಾಮ್ ಸಂಸ್ಥೆಯ ಪಟ್ಟಿಯಲ್ಲಿ ಬೆಂಗಳೂರಿಗೆ ಮೊದಲ ಸ್ಥಾನ ದೊರೆಯಿತು. ದಾರಿ ತೆರವಾಗಿದ್ದಾಗ ಹಿಡಿಯುವ ಸಮಯಕ್ಕಿಂತ ಇಲ್ಲಿ ಶೇಕಡ 71ರಷ್ಟು ಹೆಚ್ಚು ಸಮಯ ಹಿಡಿಯುತ್ತಿತ್ತೆಂದು ಅದು ಲೆಕ್ಕ ಹಾಕಿತು. ಅರ್ಧ ಗಂಟೆಯ ದಾರಿಗೆ 51 ನಿಮಿಷ. 2011ರಲ್ಲಿ ಆರಂಭವಾದ ಮೆಟ್ರೊ ರೈಲು ಈ ಕಷ್ಟವನ್ನು ಕೆಲಮಟ್ಟಿಗೆ ಕಡಮೆ ಮಾಡಿದೆ. 2023ರ ಅಕ್ಟೋಬರಿನಲ್ಲಿ ಪೂರ್ಣಗೊಂಡ ನೇರಳೆ ಮಾರ್ಗವು ಪೂರ್ವದ ವೈಟ್‌ಫೀಲ್ಡಿನಿಂದ ಪಶ್ಚಿಮದ ಚಲ್ಲಘಟ್ಟದವರೆಗೆ 43 ಕಿಲೋಮೀಟರುಗಳಿಗೂ ಹೆಚ್ಚು ದೂರ ಹಬ್ಬಿದೆ. ಆದ್ದರಿಂದ ದೂರವನ್ನು ಮೈಲಿಯಿಂದ ಅಳೆಯುವ ಕಾಲ ಹೋಯಿತು. ರೈಲು ನಿಲ್ದಾಣಕ್ಕೆ ನಡೆದು ಹೋಗಬಹುದಾದ ಹತ್ತು ಮೈಲಿಯ ಬಡಾವಣೆಯು ಮೂರು ಕೂಡುರಸ್ತೆಗಳನ್ನು ದಾಟಬೇಕಾದ ನಾಲ್ಕು ಮೈಲಿಯ ಬಡಾವಣೆಗಿಂತ ಹತ್ತಿರವಾದೀತು.

ಈ ಎಲ್ಲವನ್ನೂ ತೂಗಿನೋಡುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕಿನ ನೌಕರ, ಆತನ ಹೆಂಡತಿ, ಆರನೆಯ ತರಗತಿಯ ಮಗಳು, ಎರಡನೆಯ ತರಗತಿಯ ಮಗ, ಮುದಿ ತಂದೆ. ಅವರು ನೋಡಿದ ಮನೆಗಳು ಮೂರು. ಮೊದಲನೆಯದು ಹೆಸರಾಂತ ಶಾಲೆಯೊಂದರ ಸಮೀಪ, ಹೊರವರ್ತುಲ ರಸ್ತೆಯ ಅಂಚಿನಲ್ಲಿ. ಎರಡನೆಯದು ನಗರದ ಹೊರಗೆ, ಇನ್ನೂ ರಾಗಿಯ ಹೊಲಗಳು ಕಾಣುವಲ್ಲಿ; ಗಾಳಿ ಶುಭ್ರ, ಮನೆ ವಿಶಾಲ, ಶಾಲೆ ಒಂದೂವರೆ ಗಂಟೆಯ ದಾರಿ. ಮೂರನೆಯದು ಹಳೆಯ ಬಡಾವಣೆಯ ಒಳಬೀದಿಯಲ್ಲಿ. ಎರಡೇ ಕೋಣೆ, ಸಣ್ಣ ಅಡುಗೆಮನೆ, ಹನ್ನೆರಡು ನಿಮಿಷದ ನಡಿಗೆಯಲ್ಲಿ ಒಂದು ಅನುದಾನಿತ ಶಾಲೆ. ಮಗನಿಗೆ ಮೊದಲನೆಯ ಮನೆಯೇ ಮೆಚ್ಚಿಗೆಯಾಯಿತು. ಮುದುಕ ಒಪ್ಪಲಿಲ್ಲ. “ಭಾನುವಾರ ನೋಡಿದ ಮನೆ ಮನೆಯಲ್ಲಪ್ಪ. ಸೋಮವಾರ ಬೆಳಗ್ಗೆ ಎಂಟಕ್ಕೆ ಅಲ್ಲಿ ಹೋಗಿ ನಿಂತು ನೋಡು” ಎಂದನು. ಮಗ ಹೋಗಿ ನಿಂತನು. ಹೊಗೆಗೆ ಕಣ್ಣು ಉರಿಯಿತು; ವಾಹನಗಳ ಕೂಗಿನಲ್ಲಿ ಜೊತೆಗಾರನ ಮಾತು ಕೇಳಿಸಲಿಲ್ಲ. ಮಗಳು ಆ ಶಾಲೆಗೆ ಹೋಗಬೇಕಾದರೆ ಆರು ಸಾಲು ವಾಹನಗಳ ನಡುವೆ ರಸ್ತೆ ದಾಟಬೇಕಾಗಿತ್ತು.

ಕೊನೆಗೆ ಅವರು ಮೂರನೆಯ ಮನೆಯನ್ನು ಹಿಡಿದರೆ ಅದು ನಷ್ಟವಿಲ್ಲದ ಆಯ್ಕೆಯೇನಲ್ಲ. ತಂದೆ ದಿನವೂ ಎರಡು ಗಂಟೆ ಪ್ರಯಾಣ ಮಾಡಬೇಕು. ಅಜ್ಜನ ಮಂಚಕ್ಕೆ ಹಜಾರದಲ್ಲಿ ಜಾಗ ಮಾಡಬೇಕು. ಬಂಧುಗಳು ಬಂದರೆ ಮಲಗಲು ಇಕ್ಕಟ್ಟು. ಆದರೂ ಮೂರರಲ್ಲಿ ಒಂದನ್ನು ಬಿಟ್ಟುಕೊಡಬೇಕಾದಾಗ ಕೋಣೆಯನ್ನು ಬಿಡುವುದು ಗಾಳಿಯನ್ನು ಬಿಡುವುದಕ್ಕಿಂತ ಮೇಲು. ದೊಡ್ಡವರ ಹೊತ್ತನ್ನು ಬಿಡುವುದು ಮಕ್ಕಳ ಹೊತ್ತನ್ನು ಬಿಡುವುದಕ್ಕಿಂತ ಮೇಲು. ಕೋಣೆಯನ್ನು ಮುಂದೆ ಕಟ್ಟಿಸಿಕೊಳ್ಳಬಹುದು. ಹತ್ತನೆಯ ವರ್ಷದಲ್ಲಿ ಕುಗ್ಗಿದ ಶ್ವಾಸಕೋಶವನ್ನು ಇಪ್ಪತ್ತರಲ್ಲಿ ಹಿಗ್ಗಿಸುವುದು ಕಷ್ಟ.

ಇಲ್ಲಿಗೆ ವಿಷಯ ಮುಗಿದಂತೆ ಕಂಡರೂ ಒಂದು ಮಾತು ಉಳಿಯುತ್ತದೆ. ಆರಿಸಿಕೊಳ್ಳುವ ಶಕ್ತಿಯುಳ್ಳವರೆಲ್ಲ ಹೊಗೆಯಿಂದ ದೂರ ಸರಿದು, ಅಲ್ಲಿಂದ ತಮ್ಮ ತಮ್ಮ ಕಾರುಗಳಲ್ಲಿ ನಗರಕ್ಕೆ ಹಿಂದಿರುಗಿದರೆ, ದಾರಿಯಲ್ಲಿ ಇರುವವರ ಮೇಲೆ ಆ ಹೊಗೆ ಸುರಿಯುತ್ತದೆ. ಬೆಂಗಳೂರಿನಲ್ಲಿ ನೋಂದಾಯಿತವಾದ ವಾಹನಗಳ ಸಂಖ್ಯೆ ಈಗ ಒಂದು ಕೋಟಿಯನ್ನು ಮೀರಿದೆ. ಮಕ್ಕಳನ್ನು ದೂರದ ಶಾಲೆಗೆ ಕರೆದೊಯ್ಯುವ ವಾಹನಗಳೂ ಇವುಗಳಲ್ಲಿ ಸೇರಿವೆ. ಶಾಲೆಯ ದೆಸೆಯಿಂದ ಸಂದಣಿ, ಸಂದಣಿಯ ದೆಸೆಯಿಂದ ಹೊಗೆ, ಹೊಗೆಗೆ ಹೆದರಿ ಮತ್ತಷ್ಟು ದೂರದ ಬಡಾವಣೆ ಎಂದು ಈ ಚಕ್ರ ಉರುಳುತ್ತದೆ. ಹೆದ್ದಾರಿಯ ಬದಿಯ ತಗಡಿನ ಶೆಡ್ಡುಗಳಲ್ಲಿ ವಾಸಿಸುವ ಕಟ್ಟಡ ಕಾರ್ಮಿಕರ ಮಕ್ಕಳಿಗೆ, ಕೂಡುರಸ್ತೆಯಲ್ಲಿ ಹೂ ಮಾರುವವಳ ಮಗುವಿಗೆ ಬಡಾವಣೆಯ ಆಯ್ಕೆ ಎಂಬುದೇ ಇಲ್ಲ. ಅವರು ಸೇರುವುದು ಹತ್ತಿರದ ಸರ್ಕಾರಿ ಶಾಲೆಗೆ. ಶಾಲೆಯ ಸುತ್ತ ನೂರು ಮೀಟರು ಪ್ರದೇಶದಲ್ಲಿ ಹಗಲಿನ ಸದ್ದು 50 ಡೆಸಿಬಲ್ಲಿಗೆ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಅಂತಹ ಶಾಲೆಯ ಗೋಡೆಯ ಮೇಲೆ ‘ನಿಶ್ಶಬ್ದ ವಲಯ’ ಎಂಬ ಫಲಕವನ್ನು ಇಂದಿಗೂ ಕಾಣಬಹುದು. ಫಲಕದ ಕೆಳಗೆ ಲಾರಿಗಳು ನಿಂತಿರುತ್ತವೆ. ಒಳಗೆ ಉಪಾಧ್ಯಾಯಿನಿ ಧ್ವನಿಯೇರಿಸಿ ಪಾಠ ಹೇಳುತ್ತಿರುತ್ತಾರೆ.